ಪಿಡುಗಿನ ಲೆಕ್ಕ
(ಬಾನುಲಿ ಭಾಷಣ)

೨೦೨೧ನೆಯ ಇಸವಿಯ ಬೇಸಗೆಯಲ್ಲಿ ನಮ್ಮ ಜಿಲ್ಲೆಯ ಜನ ದಿನವೂ ಸಂಜೆ ಒಂದು ಪಟ್ಟಿಗಾಗಿ ಕಾಯುತ್ತಿದ್ದರು. ಚಿತ್ರದುರ್ಗ ಇಷ್ಟು, ಹಿರಿಯೂರು ಇಷ್ಟು, ಹೊಸದುರ್ಗ ಇಷ್ಟು, ಹೊಳಲ್ಕೆರೆ ಇಷ್ಟು, ಚಳ್ಳಕೆರೆ ಮೊಳಕಾಲ್ಮೂರು ಇಷ್ಟಿಷ್ಟು ಎಂದು ಹೊಸದಾಗಿ ಕೋವಿಡ್ ತಗುಲಿದವರ ಸಂಖ್ಯೆಯನ್ನು ತಾಲ್ಲೂಕುವಾರು ತಿಳಿಸುವ ಪಟ್ಟಿ ಅದು. ಪಟ್ಟಿಯಲ್ಲಿ ಹೆಸರುಗಳಿರುತ್ತಿರಲಿಲ್ಲ. ಆದರೂ ಹೊಳಲ್ಕೆರೆಯ ಅಂಕಿ ಒಂದಿಷ್ಟು ಮೇಲೇರಿದರೆ ಅಲ್ಲಿ ಮಗಳನ್ನು ಕೊಟ್ಟ ನಮ್ಮ ಪಕ್ಕದ ಮನೆಯವರ ಮುಖ ಕಪ್ಪಿಡುತ್ತಿತ್ತು.

ನಾನು ವೈದ್ಯನಲ್ಲ, ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದರೆ ಆ ಪಟ್ಟಿಯನ್ನು ಕೇಳುತ್ತ ಕೇಳುತ್ತ ನನ್ನಲ್ಲಿ ಒಂದು ಪ್ರಶ್ನೆ ಹುಟ್ಟಿತು. ಹಿಂದೆಯೂ ಈ ನಾಡಿಗೆ ಪಿಡುಗುಗಳು ಬಂದಿವೆ. ಆಗ ಲೆಕ್ಕ ಇಟ್ಟವರು ಯಾರು? ಮದ್ದನ್ನು ಮನೆ ಬಾಗಿಲಿಗೆ ತಂದವರು ಯಾರು? ಈ ಎರಡು ಪ್ರಶ್ನೆಗಳನ್ನು ಹಿಡಿದು ಸ್ವಲ್ಪ ಹಿಂದಕ್ಕೆ ಹೋಗಿ ಬರೋಣ.

ಮೊದಲು ಸಿಡುಬು. ಅದನ್ನು ನಮ್ಮ ಜನ ರೋಗವೆಂದು ಕರೆಯಲಿಲ್ಲ. ಅಮ್ಮ ಎಂದರು, ದೇವಿ ಎಂದರು. ಇಂಗ್ಲೆಂಡಿನ ಹಳ್ಳಿಯ ವೈದ್ಯ ಎಡ್ವರ್ಡ್ ಜೆನ್ನರ್ ೧೭೯೬ರಲ್ಲಿ ಹಸುವಿನ ಸಿಡುಬಿನ ಕೀವನ್ನು ಒಬ್ಬ ಬಾಲಕನ ತೋಳಿಗೆ ಹಚ್ಚಿ, ಅದು ಮನುಷ್ಯರ ಸಿಡುಬನ್ನು ತಡೆಯುತ್ತದೆಂದು ತೋರಿಸಿದ. ಆರೇ ವರ್ಷಗಳಲ್ಲಿ, ೧೮೦೨ರ ಜೂನ್ ತಿಂಗಳಲ್ಲಿ, ಆ ಮದ್ದು ಬೊಂಬಾಯಿಯನ್ನು ಮುಟ್ಟಿತು. ಶೀತಲ ಪೆಟ್ಟಿಗೆಗಳಿಲ್ಲದ ಆ ಕಾಲದಲ್ಲಿ ಅದನ್ನು ಜೀವಂತವಾಗಿಡುವ ಉಪಾಯ ಒಂದೇ: ಒಂದು ಮಗುವಿನ ತೋಳಿನಿಂದ ಇನ್ನೊಂದು ಮಗುವಿನ ತೋಳಿಗೆ ದಾಟಿಸುತ್ತ ಹೋಗುವುದು.

ಈ ಕತೆಯಲ್ಲಿ ನಮ್ಮ ಮೈಸೂರಿಗೂ ಒಂದು ಪಾಲಿದೆ. ಥಾಮಸ್ ಹಿಕಿ ಎಂಬ ಚಿತ್ರಕಾರ ೧೮೦೫ರ ಸುಮಾರಿನಲ್ಲಿ ಬರೆದ ಒಂದು ತೈಲಚಿತ್ರದಲ್ಲಿ ಮೂವರು ರಾಜವಂಶದ ಸ್ತ್ರೀಯರು ನಿಂತಿದ್ದಾರೆ. ಅವರಲ್ಲೊಬ್ಬಳು ಸೆರಗನ್ನು ಸರಿಸಿ ತನ್ನ ಎಡತೋಳಿನ ಕಡೆಗೆ ಬೆರಳು ಮಾಡಿದ್ದಾಳೆ. ಆಕೆ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಹಿಡಿದ ದೇವಾಜಮ್ಮಣ್ಣಿಯೆಂದೂ, ಆಕೆ ತೋರಿಸುತ್ತಿರುವುದು ಹೊಸ ಲಸಿಕೆಯ ಗುರುತನ್ನೆಂದೂ, ಪ್ರಜೆಗಳ ಅಂಜಿಕೆ ಬಿಡಿಸುವುದಕ್ಕೆ ಆ ಚಿತ್ರ ಸಾಧನವಾಗಿರಬೇಕೆಂದೂ ಇತಿಹಾಸಜ್ಞರೊಬ್ಬರು ವಾದಿಸಿದ್ದಾರೆ. ವಾದ ಒಪ್ಪತಕ್ಕದ್ದೇ. ಅರಮನೆಯ ಹೆಣ್ಣುಮಗಳು ತೋಳು ತೋರಿಸಿ ನಿಲ್ಲುವುದು ಆ ಕಾಲಕ್ಕೆ ಸಣ್ಣ ಮಾತಲ್ಲ.

ಎರಡನೆಯದು ಪ್ಲೇಗು. ೧೮೯೬ರಲ್ಲಿ ಬೊಂಬಾಯಿಗೆ ಹಡಗಿನಲ್ಲಿ ಬಂದ ಈ ಮಾರಿ, ೧೮೯೮ರ ಆಗಸ್ಟಿನಲ್ಲಿ ಬೆಂಗಳೂರಿಗೆ ರೈಲಿನಲ್ಲಿ ಬಂದಿತು. ಮೊದಲು ಕಾಣಿಸಿಕೊಂಡದ್ದು ಧಾರವಾಡದ ಕಡೆಯಿಂದ ಪ್ರಯಾಣ ಮಾಡಿ ಬಂದವರಲ್ಲಿ ಎನ್ನುತ್ತಾರೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ಆ ರೈಲು ದಾರಿ ಯಾವುದು? ನಮ್ಮ ಚಿಕ್ಕಜಾಜೂರು, ನಮ್ಮ ಹೊಸದುರ್ಗ ರೋಡು ನಿಲ್ದಾಣಗಳನ್ನು ದಾಟಿ ಹೋಗುವ ದಾರಿಯೇ. ಹೊಗೆ ಬಂಡಿಯನ್ನು ನೋಡಲು ಓಡಿ ಬಂದ ನಮ್ಮ ಹಳ್ಳಿಯ ಮಕ್ಕಳ ಎದುರಿನಲ್ಲಿಯೇ ಆ ಮೃತ್ಯು ಹಾದುಹೋಯಿತು. ನೂರ ಇಪ್ಪತ್ತೆರಡು ವರ್ಷಗಳ ಮೇಲೆ, ೨೦೨೦ರ ಮಾರ್ಚಿಯಲ್ಲಿ, ಬೆಂಗಳೂರನ್ನು ಬಿಟ್ಟು ಹೊರಟವರ ಸಾಲು ಹಿರಿಯೂರು, ಚಿತ್ರದುರ್ಗಗಳ ಹೆದ್ದಾರಿಯಲ್ಲಿ ಸಾಗಿದಾಗ ನನಗೆ ಆ ರೈಲು ನೆನಪಾಯಿತು. ನಾವು ದಾರಿಯ ಮೇಲಿನ ಜನ. ದಾರಿ ತಂದುದೆಲ್ಲ ನಮ್ಮದಾಗುತ್ತದೆ.

ಪ್ಲೇಗಿನ ಕಾಲದಲ್ಲಿ ಮೈಸೂರು ಸರ್ಕಾರ ಕೈಕಟ್ಟಿ ಕೂರಲಿಲ್ಲ. ವಿ. ಪಿ. ಮಾಧವರಾಯರು ಪ್ಲೇಗ್ ಕಮಿಷನರಾದರು. ಬೆಂಗಳೂರಿನ ಇಕ್ಕಟ್ಟಿನ ಪೇಟೆಗಳ ಹೊರಗೆ ಮಲ್ಲೇಶ್ವರ, ಬಸವನಗುಡಿಗಳು ಎದ್ದವು. ವಾಲ್ಡೆಮಾರ್ ಹಾಫ್‌ಕಿನ್ ಎಂಬ ವಿಜ್ಞಾನಿ ಬೊಂಬಾಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿ, ೧೮೯೭ರ ಜನವರಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡಿದ್ದ. ಆದರೆ ಹಳ್ಳಿಗಳಲ್ಲಿ ಜನ ನೆಚ್ಚಿದ್ದು ಸೂಜಿಗಿಂತ ಹೆಚ್ಚಾಗಿ ತಮ್ಮ ಕಾಲನ್ನು. ಇಲಿ ಬಿತ್ತೆಂದರೆ ಊರು ಬಿಡುವುದು. ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುವುದು. ಅದು ಅವಿವೇಕವೇನೂ ಆಗಿರಲಿಲ್ಲ. ಇಲಿ ಬಿದ್ದ ಮನೆಯನ್ನು ಬಿಟ್ಟವನು ಇಲಿಯ ಮೈಮೇಲಿನ ಚಿಗಟವನ್ನೂ ಬಿಟ್ಟಂತಾಗುತ್ತಿತ್ತು.

ನಮ್ಮ ಕಾದಂಬರಿಕಾರರು ಈ ಕಾಲವನ್ನು ಮರೆತಿಲ್ಲ. ಅನಂತಮೂರ್ತಿಯವರ ‘ಸಂಸ್ಕಾರ’ದ ಅಗ್ರಹಾರದಲ್ಲಿ ಇಲಿಗಳು ಬೀಳುವುದನ್ನು ಬಲ್ಲಿರಿ. ಭೈರಪ್ಪನವರ ‘ಗೃಹಭಂಗ’ದ ನಂಜಮ್ಮ ಕೈಲಾಗದ ಗಂಡನ ಬದಲಾಗಿ ತಾನೇ ಶಾನುಭೋಗಿಕೆಯ ಲೆಕ್ಕ ಬರೆಯುವವಳು. ಊರಿನ ಲೆಕ್ಕವನ್ನೆಲ್ಲ ತಪ್ಪಿಲ್ಲದೆ ಬರೆದ ಆ ತಾಯಿಯ ಬೆಳೆದ ಇಬ್ಬರು ಮಕ್ಕಳನ್ನು ಪ್ಲೇಗು ಒಯ್ಯುತ್ತದೆ. ತರಗತಿಯಲ್ಲಿ ಆ ಭಾಗಕ್ಕೆ ಬಂದಾಗಲೆಲ್ಲ ನಾನು ಪುಸ್ತಕ ಮುಚ್ಚಿ ಒಂದು ಕ್ಷಣ ಸುಮ್ಮನಿರುತ್ತಿದ್ದೆ.

ಪ್ಲೇಗು ಬಂದ ೧೮೯೮ರಲ್ಲಿಯೇ ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ಅಣೆಕಟ್ಟಿನ ಕೆಲಸ ಮೊದಲಾಯಿತು. ಕಣಿವೆ ಮಾರಮ್ಮನ ಹೆಸರಿನಿಂದ ಮಾರಿಕಣಿವೆಯೆಂದು ಹೆಸರಾದ ಸ್ಥಳ ಅದು. ೧೯೦೭ರಲ್ಲಿ ಕೆಲಸ ಮುಗಿಯಿತು. ಜಲಾಶಯಕ್ಕೆ ವಾಣಿವಿಲಾಸ ಸಾಗರವೆಂದು ಹೆಸರಾಯಿತು. ವಾಣಿವಿಲಾಸ ಸನ್ನಿಧಾನದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರಾಜ್ಯಭಾರ ವಹಿಸಿಕೊಳ್ಳಬೇಕಾಗಿ ಬಂದುದೂ ಒಂದು ರೋಗದ ದೆಸೆಯಿಂದಲೇ. ಹತ್ತನೆಯ ಚಾಮರಾಜ ಒಡೆಯರು ೧೮೯೪ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಡಿಫ್ತೀರಿಯಾದಿಂದ, ಎಂದರೆ ಗಂಟಲಮಾರಿಯಿಂದ, ತೀರಿಕೊಂಡರು. ಅದಕ್ಕೆ ಮದ್ದಾದ ಸೀರಮ್ಮಿನ ಸುದ್ದಿ ಯೂರೋಪಿನಲ್ಲಿ ಹಬ್ಬಿದ್ದು ಅದೇ ವರ್ಷ. ದೊರೆಯ ಹಾಸಿಗೆಯ ಬಳಿಗೆ ಬರುವಷ್ಟು ಬೇಗ ಅದು ಬರಲಿಲ್ಲ. ಇಂದು ಹಿರಿಯೂರಿನ ಕೂಲಿಯ ಹೆಂಗಸಿನ ಕೂಸಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟಿಯಾಗಿ ಸಿಗುವ ಚುಚ್ಚುಮದ್ದಿನಲ್ಲಿ ಗಂಟಲಮಾರಿಗೂ ತಡೆಯಿದೆ. ಮದ್ದು ಹುಟ್ಟಿದರೆ ಸಾಲದು, ಅದು ಬಾಗಿಲವರೆಗೆ ನಡೆದು ಬರಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ನನಗೆ ಬೇಕಾಗಿಲ್ಲ.

ಇನ್ನು ಮೂರನೆಯದು, ೧೯೧೮ರ ಇನ್‌ಫ್ಲುಯೆಂಜಾ. ಮೊದಲನೆಯ ಮಹಾಯುದ್ಧದ ಕೊನೆಯಲ್ಲಿ ಬೊಂಬಾಯಿಯ ಬಂದರಿನಿಂದ ಹರಡಿದ ಆ ಜ್ವರ, ವರ್ಷ ಮುಗಿಯುವುದರೊಳಗೆ ಭಾರತದಲ್ಲಿ ಒಂದು ಕೋಟಿಗೂ ಮಿಕ್ಕಿ ಜನರನ್ನು ಕೊಂಡೊಯ್ದಿತು. ಇಂದಿನ ಭಾರತದ ಎಲ್ಲೆಗೆ ಹೊಂದಿಸಿ ನೋಡಿದರೆ ೧೯೧೧ರಲ್ಲಿ ೨೫ ಕೋಟಿ ೨೧ ಲಕ್ಷದಷ್ಟಿದ್ದ ಜನಸಂಖ್ಯೆ ೧೯೨೧ರಲ್ಲಿ ೨೫ ಕೋಟಿ ೧೩ ಲಕ್ಷಕ್ಕೆ ಇಳಿದಿತ್ತು. ಜನಗಣತಿಯ ಚರಿತ್ರೆಯಲ್ಲಿ ಹಾಗೆ ಇಳಿದ ದಶಕ ಅದೊಂದೇ. ಸತ್ತವರೆಷ್ಟು ಎಂಬುದರಲ್ಲಿ ವಿದ್ವಾಂಸರಿಗೆ ಇಂದಿಗೂ ಒಮ್ಮತವಿಲ್ಲ. ಕಾರಣ ಸರಳ. ಸಾವಿನ ಲೆಕ್ಕ ಹುಟ್ಟುತ್ತಿದ್ದುದು ಹಳ್ಳಿಯಲ್ಲಿ. ಅದನ್ನು ಬರೆಸಬೇಕಾದವರು ಹಳ್ಳಿಯ ಅಧಿಕಾರಿಗಳು. ಕಾಲರಾ, ಸಿಡುಬು, ಪ್ಲೇಗುಗಳಿಗೆ ಕಡತದಲ್ಲಿ ಬೇರೆ ಬೇರೆ ಕಲಮುಗಳಿದ್ದವು. ಉಳಿದುದಕ್ಕೆ ಬಹುಮಟ್ಟಿಗೆ ‘ಜ್ವರ’ ಎಂಬುದೊಂದೇ ಮಾತು. ಬರೆಯುವವನೇ ಮಲಗಿದರೆ ಆ ಒಂದು ಮಾತೂ ಇಲ್ಲ.

ಹೊಸದುರ್ಗ ತಾಲ್ಲೂಕಿನ ಹಳ್ಳಿಯವಳಾದ ನನ್ನ ಅಜ್ಜಿಗೆ ಆಗ ಹತ್ತು ಹನ್ನೆರಡರ ವಯಸ್ಸು. ಅವಳಿಗೊಬ್ಬ ತಮ್ಮನಿದ್ದ. ಆ ಜ್ವರದಲ್ಲಿ ಅವನು ಹೋದ. ನಾನು ಹೈಸ್ಕೂಲಿನಲ್ಲಿದ್ದಾಗ ಒಮ್ಮೆ, “ಅಜ್ಜಿ, ಅವನ ಹೆಸರನ್ನು ಎಲ್ಲಿಯೂ ಬರೆಸಲಿಲ್ಲವೇ?” ಎಂದು ಕೇಳಿದೆ. ಅವಳು ಅವರೆಕಾಯಿ ಬಿಡಿಸುತ್ತಿದ್ದವಳು ತಲೆಯೆತ್ತದೆ ಹೇಳಿದಳು: “ಬರೆಯೋರು ಬರೋ ಹೊತ್ತಿಗೆ ಹೊರೋರೇ ಇರಲಿಲ್ಲ ಕಣಪ್ಪ.” ಅವಳು ಹೋದ ಮೇಲೆ ಆ ಬಾಲಕನನ್ನು ಬಲ್ಲವರು ಯಾರೂ ಉಳಿಯಲಿಲ್ಲ.

ನನ್ನ ಬಾಲ್ಯದ ಹೊತ್ತಿಗೆ ಕಾಲ ಬದಲಾಗಿತ್ತು. ದಾಕು ಹಾಕುವವರು ಊರಿಗೆ ಬಂದರೆಂದರೆ ನಾವು ಹುಡುಗರು ಪಣತಗಳಲ್ಲಿ ಅಡಗುತ್ತಿದ್ದೆವು. ಅವರು ಮನೆ ಮನೆ ಹೊಕ್ಕು, ಲೆಕ್ಕದ ಪುಸ್ತಕದಲ್ಲಿ ಹೆಸರು ನೋಡಿ, ತಪ್ಪಿಸಿಕೊಂಡವರನ್ನು ಎಳೆತರಿಸಿ, ತೋಳಿನ ಮೇಲೆ ಹಲ್ಲಿನ ಬಿಲ್ಲೆಯನ್ನು ತಿರುವುತ್ತಿದ್ದರು. ಆ ಗುರುತು ನನ್ನ ಎಡತೋಳಿನಲ್ಲಿ ಈಗಲೂ ಇದೆ. ಭಾರತದ ಕೊನೆಯ ಸಿಡುಬು ೧೯೭೫ರ ಮೇ ತಿಂಗಳಲ್ಲಿ ಕಂಡಿತು. ೧೯೮೦ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಲೋಕದಿಂದಲೇ ಅದು ತೊಲಗಿತೆಂದು ಸಾರಿತು. ಅದನ್ನು ಗೆದ್ದುದು ಬರಿಯ ಮದ್ದಲ್ಲ. ಹೆಸರು ಹಿಡಿದು ಬಾಗಿಲಿಗೆ ಬಂದ ಆ ಬಡ ನೌಕರನ ಕಾಲುಗಳು ಕೂಡ.

ಈ ಹಿನ್ನೆಲೆಯಲ್ಲಿ ೨೦೨೧ನ್ನು ನೋಡಬೇಕು. ಕೋವಿಡ್ ಲಸಿಕೆ ದೇಶದಲ್ಲಿ ಆ ವರ್ಷದ ಜನವರಿ ೧೬ರಂದು ಆರಂಭವಾಯಿತು. ಮಾರ್ಚಿಯಲ್ಲಿ ಅರವತ್ತು ದಾಟಿದ ನಮ್ಮಂಥವರ ಸರದಿ ಬಂತು. ಹದಿನೆಂಟರಿಂದ ನಲವತ್ತನಾಲ್ಕರವರೆಗಿನವರಿಗೆ ಕರ್ನಾಟಕದಲ್ಲಿ ಮೇ ೧೦ರಂದು ಆರಂಭವಾಗಿ, ಮದ್ದು ಸಾಲದೆ ನಾಲ್ಕೇ ದಿನಗಳಲ್ಲಿ ನಿಂತಿತು. ಅವರಿಗೆ ಆಗ ಒಂದು ಕಟ್ಟಳೆಯಿತ್ತು: ಕೋವಿನ್ ಎಂಬ ಗಣಕಜಾಲದಲ್ಲಿ ಹೆಸರು ನೋಂದಾಯಿಸಿ ದಿನ, ಸ್ಥಳ, ಹೊತ್ತು ಮುಂಗಡವಾಗಿ ಕಾದಿರಿಸಿಕೊಂಡಿರಬೇಕು.

ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡುತ್ತಿದ್ದ ನನ್ನ ಮಗ ನಡುರಾತ್ರಿಯವರೆಗೆ ಮೊಬೈಲ್ ಹಿಡಿದು ಕುಳಿತು, ನಮ್ಮ ಊರಿನಲ್ಲಿ ಸಿಗದೆ, ಬೇರೊಂದು ತಾಲ್ಲೂಕು ಕೇಂದ್ರದಲ್ಲಿ ಒಂದು ಸರದಿ ಗಿಟ್ಟಿಸಿದ. ನಾನೂ ಜೊತೆಗೆ ಹೋದೆ. ಆಸ್ಪತ್ರೆಯ ಮುಂದೆ ಕಾರುಗಳು ನಿಂತಿದ್ದವು. ಸಾಲಿನಲ್ಲಿದ್ದವರು ಬಹುತೇಕ ನಮ್ಮ ಹಾಗೆ ಹೊರಗಿನಿಂದ ಬಂದವರು. ಗೇಟಿನ ಆಚೆ ಹೊಂಗೆಯ ಮರದ ಕೆಳಗೆ ಆ ಊರಿನ ಹುಡುಗರು ಕುಳಿತಿದ್ದರು. ಅವರಲ್ಲೊಬ್ಬ ಎದ್ದು ಬಂದು, “ಸಾರ್, ನಮ್ಮೂರಾಗೆ ಸೂಜಿ ಹಾಕ್ತಾರೆ, ನಮಗೆ ಇಲ್ಲಂತೆ. ಮೊಬೈಲಾಗೆ ಬರೆಸಿರಬೇಕಂತೆ. ಅದೆಂಗೆ ಬರೆಸೋದು?” ಎಂದು ಕೇಳಿದ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ನನ್ನ ಮಗ ಯಾವ ನಿಯಮವನ್ನೂ ಮುರಿದಿರಲಿಲ್ಲ. ಆದರೂ ಆ ಹೊತ್ತು ಅವನ ತೋಳಿಗೆ ಹೋದ ಮದ್ದು ಈ ಹುಡುಗನ ಊರಿಗೆಂದು ಬಂದದ್ದು.

ಒಂದು ಮೊಬೈಲ್ ಸಂಖ್ಯೆಯಲ್ಲಿ ನಾಲ್ವರ ಹೆಸರು ಬರೆಸಬಹುದಾಗಿತ್ತು. ನನ್ನದರಲ್ಲಿ ನಾನೂ ನನ್ನ ಪತ್ನಿಯೂ ಇದ್ದೆವು. ಉಳಿದ ಎರಡು ಸ್ಥಾನಗಳಲ್ಲಿ ಆ ಹುಡುಗನನ್ನೂ ಅವನ ಗೆಳೆಯನನ್ನೂ ಮಗ ಅಲ್ಲಿಯೇ ಮರದ ಕೆಳಗೆ ಕುಳಿತು ನೋಂದಾಯಿಸಿದ. ಹೆಸರೇನೋ ದಾಖಲಾಯಿತು, ಸರದಿ ಸಿಗಲಿಲ್ಲ. ಮುಂದಿನ ವಾರಗಳಲ್ಲಿ ಸಂಜೆಯ ಪಟ್ಟಿಯಲ್ಲಿ ಆ ತಾಲ್ಲೂಕಿನ ಹೆಸರು ಬಂದಾಗಲೆಲ್ಲ ನಾನು ಕಿವಿ ನಿಮಿರಿಸುತ್ತಿದ್ದೆ.

ಮೇ ಕೊನೆಯ ವಾರದಿಂದ ಕಟ್ಟಳೆ ಸಡಿಲವಾಯಿತು. ಸರ್ಕಾರಿ ಕೇಂದ್ರಗಳಲ್ಲಿ ಸ್ಥಳದಲ್ಲೇ ನೋಂದಣಿಗೆ ಅವಕಾಶ ದೊರೆಯಿತು. ಜೂನ್ ೨೧ರಿಂದ ಕೇಂದ್ರ ಸರ್ಕಾರವೇ ಆ ವಯಸ್ಸಿನವರಿಗೂ ಲಸಿಕೆ ಒದಗಿಸತೊಡಗಿತು. ಅಕ್ಟೋಬರ್ ೨೧ರ ವೇಳೆಗೆ ದೇಶದಲ್ಲಿ ನೂರು ಕೋಟಿ ಡೋಸುಗಳಾದವು. ನವೆಂಬರಿನಲ್ಲಿ ಮನೆಮನೆಗೂ ಹೋಗಿ ಬಿಟ್ಟುಹೋದವರನ್ನು ಹುಡುಕುವ ಕಾರ್ಯಕ್ರಮ ಹೊರಟಿತು. ಆಶಾ ಕಾರ್ಯಕರ್ತೆಯರು ಪೆಟ್ಟಿಗೆ ಹೊತ್ತ ದಾದಿಯರೊಡನೆ ಹೊಲಗಳಿಗೂ ಹಟ್ಟಿಗಳಿಗೂ ನಡೆದರು. ಹಿಂದೆ ದಾಕು ಹಾಕುವವನು ನಡೆದ ದಾರಿ ಅದೇ. ಅವನನ್ನು ಮರೆತು, ಸೂಜಿಯನ್ನು ಜನರೇ ಹುಡುಕಿಕೊಂಡು ಬರಲೆಂದು ಕೆಲವು ತಿಂಗಳು ಕಾದಿದ್ದೆವು, ಅಷ್ಟೆ.

ಲೆಕ್ಕದ ಮಾತಿನಲ್ಲಿಯೂ ನಾವು ಪೂರ್ತಿಯಾಗಿ ೧೯೧೮ನ್ನು ದಾಟಿಲ್ಲವೆಂದು ಕಾಣುತ್ತದೆ. ಸರ್ಕಾರದ ಕಡತದಂತೆ ಕರ್ನಾಟಕದಲ್ಲಿ ಕೋವಿಡ್‌ನಿಂದ ಸತ್ತವರು ನಲವತ್ತು ಸಾವಿರಕ್ಕೂ ಹೆಚ್ಚು, ದೇಶದಲ್ಲಿ ಐದು ಲಕ್ಷಕ್ಕೂ ಹೆಚ್ಚು. ೨೦೨೨ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿ, ಭಾರತದಲ್ಲಿ ಎರಡು ವರ್ಷಗಳ ಅಧಿಕ ಸಾವುಗಳು ಸುಮಾರು ೪೭ ಲಕ್ಷವೆಂದಿತು. ನಮ್ಮ ಸರ್ಕಾರ ಅದನ್ನು ಒಪ್ಪಲಿಲ್ಲ. ಎರಡು ಅಂಕಿಗಳ ನಡುವಿನ ತೀರ್ಪು ನನ್ನಂಥ ಕನ್ನಡ ಮೇಷ್ಟರ ಕೆಲಸವಲ್ಲ. ಆದರೆ ಅವುಗಳ ನಡುವಿನ ಅಂತರ ಅಷ್ಟು ದೊಡ್ಡದಿರುವಾಗ, ಯಾರದೋ ತಮ್ಮ, ಯಾರದೋ ಅಕ್ಕ ಅಲ್ಲಿ ಹೆಸರಿಲ್ಲದೆ ನಿಂತಿರಬಹುದೆಂಬ ಅಳುಕು ನನ್ನನ್ನು ಬಿಟ್ಟಿಲ್ಲ.

ಆ ಹುಡುಗರ ಮಾತು ಹೇಳಿ ಮುಗಿಸುತ್ತೇನೆ. ಜುಲೈ ತಿಂಗಳ ಒಂದು ಮಧ್ಯಾಹ್ನ ನನ್ನ ಮೊಬೈಲಿಗೆ ಒಂದು ಸಂದೇಶ ಬಂತು. ಮೊದಲನೆಯ ಹುಡುಗನ ಹೆಸರು, ಅವನಿಗೆ ಲಸಿಕೆಯ ಮೊದಲ ಡೋಸು ಕೊಡಲಾಗಿದೆ ಎಂಬ ಒಂದು ಸಾಲು. ಎರಡನೆಯವನದು ಬರಲಿಲ್ಲ. ಆಗಸ್ಟ್ ಕಳೆಯಿತು, ದಸರೆ ಕಳೆಯಿತು. ಅವನ ಊರು ಗೊತ್ತು, ಮನೆ ಗೊತ್ತಿಲ್ಲ. ಕೇಳಲು ಧೈರ್ಯವೂ ಬರಲಿಲ್ಲ. ನವೆಂಬರಿನ ಕೊನೆಯಲ್ಲಿ, ಮನೆಮನೆಯ ಕಾರ್ಯಕ್ರಮ ನಡೆಯುತ್ತಿದ್ದ ದಿನಗಳಲ್ಲಿ, ಅವನ ಹೆಸರೂ ಬಂತು. ನಾನು ಆ ಸಾಲನ್ನು ಪತ್ನಿಗೆ ಎರಡು ಸಲ ಓದಿ ಹೇಳಿದೆ.

ಆ ಎರಡು ಸಂದೇಶಗಳನ್ನು ನಾನು ಇನ್ನೂ ಅಳಿಸಿಲ್ಲ.