ಪೇಂಟಿನಿಂದ ಬಂದ ಹಲ್ಲಿನ ಸೀಲೆಂಟ್

"ಹಾಲುಹಲ್ಲು ಬಿಡೋ, ಹೋದ್ರೆ ಇನ್ನೊಂದು ಬರುತ್ತೆ" ಅಂದಿದ್ರು ಅಜ್ಜಿ. ಬರಲಿಲ್ಲ. ಅದು ಆರನೇ ವರ್ಷದ ಹೊತ್ತಿಗೆ ಹಿಂದೆ ಸದ್ದಿಲ್ಲದೆ ಹುಟ್ಟೋ ಶಾಶ್ವತ ದವಡೆ ಹಲ್ಲು. ನೋವು ಲವಂಗಕ್ಕೂ ಬಗ್ಗದೆ ಕೀಳಿಸಿದ್ರು.

ಇಂಥ ಹಲ್ಲಿನ ಗೀರುಗಳಿಗೆ ಬ್ರಶ್ಶಿನ ಎಳೆ ಇಳಿಯಲ್ಲ. 1923ರಲ್ಲಿ ಅಮೆರಿಕದ ಹಯಾಟ್ ಹೇಳಿದ ಉಪಾಯ: ಹುಳುಕಾಗೋ ಮೊದಲೇ ಕೊರೆದು ತುಂಬಿಬಿಡಿ. ಚೆನ್ನಾಗಿರೋ ಹಲ್ಲನ್ನ!

ಲೋಹಕ್ಕೆ ಪೇಂಟ್ ಕಚ್ಚಲೆಂದು ಕಾರ್ಖಾನೆಗಳಲ್ಲಿ ಫಾಸ್ಫಾರಿಕ್ ಆಮ್ಲ ಹಚ್ಚುತ್ತಿದ್ದರು. ರೋಚೆಸ್ಟರ್‌ನ ಮೈಕೆಲ್ ಬುವೊನೊಕೋರ್ 1955ರಲ್ಲಿ ಅದನ್ನೇ ಹಲ್ಲಿನ ಎನಾಮಲ್‌ಗೆ 30 ಸೆಕೆಂಡ್ ಹಚ್ಚಿ ನೋಡಿದರು. ಮೇಲ್ಮೈ ತರಿತರಿಯಾಯ್ತು, ಅಕ್ರಿಲಿಕ್ ಗಟ್ಟಿಯಾಗಿ ಹಿಡೀತು. ಕೊರೆಯೋ ಮಾತೇ ಇಲ್ಲ. 1967ರಲ್ಲಿ ಕ್ಯೂಟೊ ಜೊತೆ ಅವರು ಗೀರುಗಳನ್ನೇ ಮುಚ್ಚಿದ ಪ್ರಯೋಗ ಪ್ರಕಟಿಸಿದರು. 1971ಕ್ಕೆ ನೂವಾ-ಸೀಲ್ ಅಮೆರಿಕದ ಮಾರುಕಟ್ಟೆಗೆ ಬಂತು.

ನನ್ನ ಹಲ್ಲು ಕಿತ್ತದ್ದು 1999ರಲ್ಲಿ.