ಹೊರಗಿನಿಂದ ತೆರೆಯದ ಕ್ಯಾಮೆರಾ: ರೌಟರ್‌ನಲ್ಲಿ ದೋಷ ಪತ್ತೆ ಹೇಗೆ?

ಶಿವಾಜಿನಗರದ ಅಂಗಡಿಯೊಂದರ ಕ್ಯಾಮೆರಾ ಅಂಗಡಿಯೊಳಗಿದ್ದಾಗ ಮೊಬೈಲಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ರಾತ್ರಿ ಬಾಗಿಲು ಹಾಕಿ ಕೆ.ಆರ್.ಪುರದ ಮನೆ ಸೇರಿದ ಬಳಿಕ ಅದೇ ಕ್ಯಾಮೆರಾ ತೆರೆಯುವುದಿಲ್ಲ. ಇಂದಿರಾನಗರದ ಕಚೇರಿಯ ಗಣಕಯಂತ್ರವನ್ನು ಮನೆಯಿಂದ ಬಳಸಹೊರಟವರಿಗೂ ಇದೇ ತೊಡಕು ಎದುರಾಗಬಹುದು. ಉಪಕರಣ ಕೆಟ್ಟಿದೆಯೆಂದು ಹೊಸದನ್ನು ಕೊಳ್ಳುವ ಮುನ್ನ ವಿಳಾಸವನ್ನು ಪರಿಶೀಲಿಸುವುದು ಲೇಸು.

ವಠಾರದ ಲೆಕ್ಕ

ಅಂತರ್ಜಾಲದ ಹಳೆಯ ವಿಳಾಸ ಪದ್ಧತಿಯಾದ ಐಪಿವಿ4ರಲ್ಲಿ ಇರುವುದು ಸುಮಾರು 430 ಕೋಟಿ ಸಂಖ್ಯೆಗಳು ಮಾತ್ರ. ಇವು ಸಾಲದೆಂಬುದನ್ನು ಮನಗಂಡು 1994ರಲ್ಲಿ ರೂಪಿಸಿದ ವಿಧಾನವೇ ವಿಳಾಸ ಪರಿವರ್ತನೆ, ಅರ್ಥಾತ್ ನ್ಯಾಟ್. ಹಲಸೂರಿನ ಹಳೆಯ ವಠಾರವೊಂದನ್ನು ಕಲ್ಪಿಸಿಕೊಳ್ಳಬಹುದು. ಬೀದಿಗೆ ಕಾಣುವ ಬಾಗಿಲ ಸಂಖ್ಯೆ ಒಂದೇ, ಒಳಗಿನ ಮನೆಗಳು ಹಲವು. ಒಳಗಿನವರು ಬರೆದ ಪತ್ರಕ್ಕೆ ಉತ್ತರ ಬಂದರೆ ಬಾಗಿಲಲ್ಲಿರುವ ರೌಟರ್ ಅದನ್ನು ಸರಿಯಾದ ಮನೆಗೆ ಮುಟ್ಟಿಸುತ್ತದೆ. ಹೊರಗಿನವರು ತಾವಾಗಿಯೇ ಬರೆದ ಪತ್ರ ಯಾವ ಮನೆಗೆಂದು ಅದಕ್ಕೆ ತಿಳಿಯದು. ಇಂತಹ ಪತ್ರವನ್ನು ಇಂತಹ ಮನೆಗೆ ಕೊಡು ಎಂದು ಮೊದಲೇ ಹೇಳಿಡುವ ಕ್ರಮಕ್ಕೆ ಪೋರ್ಟ್ ಫಾರ್ವರ್ಡಿಂಗ್ ಎಂದು ಹೆಸರು.

ಮೊದಲ ಪರೀಕ್ಷೆ

ರೌಟರ್‌ನ ಪುಟದಲ್ಲಿ ಕಾಣುವ 'ವ್ಯಾನ್' ವಿಳಾಸವನ್ನೂ, ಐಪಿ ವಿಳಾಸ ತಿಳಿಸುವ ಜಾಲತಾಣ ತೋರಿಸುವ ವಿಳಾಸವನ್ನೂ ಹೋಲಿಸಬೇಕು. ಎರಡೂ ಒಂದೇ ಆಗಿದ್ದರೆ ಮುಂದಿನ ಹಂತಕ್ಕೆ ಹೋಗಬಹುದು.

ವ್ಯಾನ್ ವಿಳಾಸವು 192.168, 10 ಅಥವಾ 172.16ರಿಂದ 172.31ರೊಳಗೆ ಆರಂಭವಾಗುತ್ತಿದ್ದರೆ ಅದರ ಮೇಲೆ ಇನ್ನೊಂದು ನ್ಯಾಟ್ ಇದೆಯೆಂದು ಅರ್ಥ. ಅದು ಕಂಪೆನಿ ಕೊಟ್ಟ ಮೋಡೆಮ್ ಆಗಿದ್ದಲ್ಲಿ ಅದನ್ನು ಬ್ರಿಜ್ ಸ್ಥಿತಿಗೆ ಬದಲಿಸಬೇಕು.

100.64ರಿಂದ 100.127ರೊಳಗಿನ ವಿಳಾಸವಾದರೆ ನ್ಯಾಟ್ ಇರುವುದು ಸೇವಾ ಕಂಪೆನಿಯ ಬಳಿ. ಭಾರತವೂ ಸೇರಿದ ಏಷ್ಯಾ-ಪೆಸಿಫಿಕ್ ವಲಯದ ವಿಳಾಸ ದಾಸ್ತಾನು 2011ರ ಏಪ್ರಿಲ್‌ನಲ್ಲಿ ಕೊನೆಯ ಕಂತಿಗೆ ಬಂದಿತು. ಒಂದೇ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುವ ಕಂಪೆನಿಗಳಿಗೆಂದು 2012ರಲ್ಲಿ ಈ ಸಂಖ್ಯೆಗಳನ್ನು ಮೀಸಲಿಡಲಾಯಿತು. ಇಲ್ಲಿ ಅಂಗಡಿಯ ರೌಟರ್‌ನಲ್ಲಿ ಎಷ್ಟು ತಿದ್ದಿದರೂ ವ್ಯರ್ಥ. ಶುಲ್ಕ ತೆತ್ತು ಸ್ಥಿರ ಸಾರ್ವಜನಿಕ ವಿಳಾಸ ಪಡೆಯಬೇಕು, ಎರಡೂ ಕಡೆ ಲಭ್ಯವಿದ್ದರೆ ಐಪಿವಿ6 ಬಳಸಬೇಕು, ಇಲ್ಲವೇ ಒಳಗಿನಿಂದಲೇ ಸಂಪರ್ಕ ಆರಂಭಿಸುವ ವಿಪಿಎನ್ ಸೇವೆಯನ್ನು ಆಶ್ರಯಿಸಬೇಕು.

ಮುಂದಿನ ಹಂತಗಳು

1. ಕ್ಯಾಮೆರಾ ಅಥವಾ ಗಣಕಯಂತ್ರಕ್ಕೆ ರೌಟರ್‌ನಲ್ಲಿ ಒಳವಿಳಾಸವೊಂದನ್ನು ಕಾಯ್ದಿರಿಸಬೇಕು. ವಿದ್ಯುತ್ ಹೋಗಿ ಬಂದಾಗ ಒಳವಿಳಾಸ ಬದಲಾದರೆ ಹಳೆಯ ಸೂಚನೆ ಕೆಲಸಕ್ಕೆ ಬಾರದು.

2. ಪೋರ್ಟ್ ಸಂಖ್ಯೆ ಸರಿಯೇ, ಟಿಸಿಪಿ ಬೇಕೋ ಯುಡಿಪಿಯೋ ಎಂಬುದನ್ನು ನೋಡಬೇಕು.

3. ಉಪಕರಣದ ಗೇಟ್‌ವೇ ಇದೇ ರೌಟರ್ ಆಗಿದೆಯೇ, ಅದರ ಫೈರ್‌ವಾಲ್ ತಡೆಯುತ್ತಿದೆಯೇ ಎಂದು ಪರಿಶೀಲಿಸಬೇಕು.

4. ಪರೀಕ್ಷೆಯನ್ನು ವೈ-ಫೈ ಆರಿಸಿ ಮೊಬೈಲ್ ಡೇಟಾದ ಮೂಲಕವೇ ನಡೆಸಬೇಕು. ಒಳಗಿನಿಂದಲೇ ಹೊರವಿಳಾಸಕ್ಕೆ ಬಂದ ಕರೆಯನ್ನು ಕೆಲವು ರೌಟರ್‌ಗಳು ಹಿಂದಿರುಗಿಸುವುದಿಲ್ಲ.

5. ಒಂದು ದಿನ ತೆರೆದು ಮರುದಿನ ತೆರೆಯದಿದ್ದರೆ ಹೊರವಿಳಾಸ ಬದಲಾಗಿರಬಹುದು. ಇದಕ್ಕೆ ಡೈನಾಮಿಕ್ ಡಿಎನ್‌ಎಸ್ ಪರಿಹಾರ.

ತೆರೆದ ಬಾಗಿಲಿನ ಅಪಾಯ

ಮಾಲೀಕರಿಗೆಂದು ತೆರೆದ ಪೋರ್ಟ್ ಜಗತ್ತಿಗೆಲ್ಲ ತೆರೆದಿರುತ್ತದೆ. ಕಾರ್ಖಾನೆಯಿಂದ ಬಂದ ಗುಪ್ತಪದವನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ ಮತ್ತು ರೌಟರ್‌ಗಳನ್ನು 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ವಶಪಡಿಸಿಕೊಂಡಿತು. ಆ ವರ್ಷದ ಅಕ್ಟೋಬರ್ 21ರಂದು ಅಂತಹ ಉಪಕರಣಗಳ ಮೂಲಕ ನಡೆದ ದಾಳಿಯಿಂದ ಟ್ವಿಟರ್ ಸೇರಿದಂತೆ ಹಲವು ತಾಣಗಳ ಸೇವೆ ಅಸ್ತವ್ಯಸ್ತಗೊಂಡಿತು.

ಆದ್ದರಿಂದ ಕ್ಯಾಮೆರಾದ ಪೋರ್ಟನ್ನಾಗಲೀ ರಿಮೋಟ್ ಡೆಸ್ಕ್‌ಟಾಪ್‌ನ 3389ನ್ನಾಗಲೀ ನೇರವಾಗಿ ತೆರೆಯದಿರುವುದು ಕ್ಷೇಮ. ರೌಟರ್‌ನಲ್ಲಿ ವಿಪಿಎನ್ ಸ್ಥಾಪಿಸಿ ಅದರ ಒಂದು ಪೋರ್ಟನ್ನಷ್ಟೇ ತೆರೆದು, ಉಳಿದುದನ್ನು ಅದರ ಮೂಲಕ ತಲುಪಬಹುದು. ಪೋರ್ಟುಗಳನ್ನು ತಾನಾಗಿಯೇ ತೆರೆಯುವ ಯುಪಿಎನ್‌ಪಿ ಸೌಲಭ್ಯವನ್ನು ನಿಲ್ಲಿಸಿ, ಗುಪ್ತಪದ ಬದಲಿಸಿ, ಪರೀಕ್ಷೆಗೆಂದು ಬರೆದ ಸೂಚನೆಗಳನ್ನು ಅಳಿಸಿದ ನಂತರವೇ ಕೆಲಸ ಮುಗಿಯಿತೆಂದು ತಿಳಿಯಬೇಕು.