ಗಾಳಕ್ಕೆ ಮನೆಯ ಎರೆ: ರಾಗಿ ಉಂಡೆ, ಚಪ್ಪಲಿಯ ಕಪ್ಪೆ

ಕಾವೇರಿ ತೀರದಲ್ಲಿ ಹೆಸರು ಮಾಡಿದ ಎರೆ ಅಂಗಡಿಯ ಸರಕಲ್ಲ, ರಾಗಿ ಹಿಟ್ಟಿನ ಉಂಡೆ. ಕೊಳ್ಳೇಗಾಲ, ಹನೂರು ಸೀಮೆಯ ಅಂಚಿನಲ್ಲಿ ಹರಿಯುವ ನದಿಯ ಎದುರುದಂಡೆಯ ಭೀಮೇಶ್ವರಿ, ದೊಡ್ಡಮಾಕಳಿ ಶಿಬಿರಗಳಿಗೆ ದುಬಾರಿ ಸಲಕರಣೆ ಹೊತ್ತು ಬರುತ್ತಿದ್ದ ವಿದೇಶಿ ಹವ್ಯಾಸಿಗಳೂ ಇದನ್ನೇ ನೆಚ್ಚಿದ್ದರು.

ಊಟದ ಮುದ್ದೆ ಇದಕ್ಕೆ ಒದಗದು. ಸೆಳವಿಗೆ ಸಿಕ್ಕಿ ಕರಗಿಬಿಡುತ್ತದೆ. ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಉಂಡೆ ಕಟ್ಟಿ, ಕುದಿಯುವ ನೀರಿನಲ್ಲಿ ಚೆನ್ನಾಗಿ ಬೇಯಿಸಿ, ಆರಿದ ಮೇಲೆ ಮತ್ತೆ ನಾದಬೇಕು. ಆಗ ಅದು ರಬ್ಬರಿನಂತೆ ಜಿಗುಟಾಗಿ ಕೊಕ್ಕೆಯನ್ನು ಕಚ್ಚಿಕೊಳ್ಳುತ್ತದೆ. ಕೆಲವರು ವಾಸನೆಗೆ ಸೋಂಪನ್ನು ಬೆರೆಸುವುದುಂಟು. ನಿಂಬೆಹಣ್ಣಿನ ಗಾತ್ರ ಸಾಕು.

ಈ ಉಂಡೆ ಅರಸುತ್ತಿದ್ದುದು ಬಿಳಿಮೀನನ್ನು, ಅಂದರೆ ಮಹಶೀರನ್ನು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಕಾವೇರಿ ಕಣಿವೆಯ ಈ ಗೂನುಬೆನ್ನಿನ ಮಹಶೀರ್ 2018ರಲ್ಲಿ ಅಳಿವಿನ ತುತ್ತತುದಿಯಲ್ಲಿರುವ ಜೀವಿಗಳ ಅಂತಾರಾಷ್ಟ್ರೀಯ ಕೆಂಪು ಪಟ್ಟಿಗೆ ಸೇರಿತು. ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಅದರ ಜಾಗವನ್ನು ಆಕ್ರಮಿಸಿದ್ದೂ ಒಂದು ಕಾರಣ. ಸದುದ್ದೇಶದ ಮೀನು ಬಿತ್ತನೆಯೇ ಹೀಗೆ ಮುಳುವಾದದ್ದು ವಿಪರ್ಯಾಸ.

ಆದುದರಿಂದ ಉಂಡೆ ಸಿದ್ಧವಾಯಿತೆಂದು ನದಿಗೆ ಹೊರಡುವಂತಿಲ್ಲ. 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮ, 2013ರ ಮಲೆ ಮಹದೇಶ್ವರ ವನ್ಯಜೀವಿಧಾಮ, ಯಳಂದೂರಿನ ಕಡೆ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಬಿಳಿಗಿರಿರಂಗನ ಬೆಟ್ಟ, ಇವುಗಳ ಎಲ್ಲೆಯೊಳಗೆ ಅನುಮತಿಯಿಲ್ಲದೆ ಗಾಳ ಹಾಕುವುದು ಅಪರಾಧ. ಉಳಿದದ್ದು ಬಯಲಿನ ಕೆರೆಗಳು. ಅಲ್ಲಿಯೂ ಮೀನಿನ ಗುತ್ತಿಗೆ ಹಿಡಿದವರನ್ನು ಕೇಳಿಯೇ ಇಳಿಯಬೇಕು.

ಕೆರೆಯ ಗೆಂಡೆಗೆ ಇದೇ ಉಂಡೆ ಸಣ್ಣದಾಗಿ ಸಲ್ಲುತ್ತದೆ. ಕೊರವನಿಗೆ ಮಾತ್ರ ಹಿಟ್ಟು ರುಚಿಸದು. ಅದು ಕಪ್ಪೆಯನ್ನು ಬೇಟೆಯಾಡುವ ಮೀನು. ಸವೆದ ಹವಾಯಿ ಚಪ್ಪಲಿಯಿಂದ ಹೆಬ್ಬೆರಳುದ್ದದ ತುಂಡನ್ನು ಕಪ್ಪೆಯಾಕಾರಕ್ಕೆ ಕೊರೆದು, ಹಳೆಯ ಬಲೂನಿನ ಸೀಳುಗಳನ್ನು ಕಾಲುಗಳಾಗಿ ಕಟ್ಟಿದರೆ ಹುಸಿ ಕಪ್ಪೆ ಸಿದ್ಧ. ಕೊಕ್ಕೆಯ ಮೊನೆ ಮೇಲ್ಮುಖವಾಗಿ ಬೆನ್ನಿಗೆ ಒರಗಿರಬೇಕು. ಇಲ್ಲದಿದ್ದರೆ ಜೊಂಡಿಗೇ ಸಿಕ್ಕಿಕೊಳ್ಳುತ್ತದೆ. ತಂಗೂಸಿ ದಾರಕ್ಕೆ ಕಟ್ಟಿ, ಎಲೆಗಳ ಮೇಲೆ ಎಸೆದು, ತಡೆತಡೆದು ಎಳೆಯಬೇಕು. ಒಂದೇ ವೇಗದಲ್ಲಿ ಎಳೆದರೆ ಅದು ಚಪ್ಪಲಿಯ ತುಂಡಾಗಿಯೇ ಉಳಿಯುತ್ತದೆ! ಹಳೆಯ ಸ್ಟೀಲ್ ಚಮಚದ ಹಿಡಿಯನ್ನು ಕತ್ತರಿಸಿ, ಎರಡೂ ತುದಿಗೆ ರಂಧ್ರ ಕೊರೆದು ಒಂದಕ್ಕೆ ದಾರ, ಇನ್ನೊಂದಕ್ಕೆ ಕೊಕ್ಕೆ ಸಿಕ್ಕಿಸಿದರೆ ತಿಳಿನೀರಿನಲ್ಲಿ ಮರಿಮೀನಿನಂತೆ ಓಲಾಡುತ್ತದೆ.

ಮಳೆಗಾಲದಲ್ಲಿ ನೀರಿನ ಮೇಲೆ ಕೆಂಬಣ್ಣದ ಮರಿಗಳ ಗುಂಪು ಕಂಡರೆ ಕೆಳಗೆ ತಾಯಿ ತಂದೆ ಕೊರವಗಳು ಕಾವಲಿರುತ್ತವೆ. ಹತ್ತಿರ ಬಂದುದನ್ನೆಲ್ಲ ಕಚ್ಚುತ್ತವೆ. ಅಲ್ಲಿ ಕಪ್ಪೆ ಎಸೆದರೆ ಮೀನು ಸುಲಭವಾಗಿ ಸಿಗುತ್ತದೆ, ಕಾವಲಿಲ್ಲದ ಮರಿಗಳು ಬೇರೆ ಮೀನುಗಳ ಪಾಲಾಗುತ್ತವೆ.